ಹಣ್ಣೆಲೆ ಉದುರುವ ತಾರೀಖು ಬರೆದಿಡೋಣ

ಎಲೆ ಬಣ್ಣ ಬದಲಿಸುವುದು ಅಮೆರಿಕದ ಫೋಟೊಗಳಲ್ಲಿ ಮಾತ್ರ ಎಂದುಕೊಂಡವರು ಚಳಿಗಾಲದ ಕೊನೆಗೆ ಕಲಬುರಗಿಯ ಬಾದಾಮಿ ಗಿಡಗಳನ್ನು ನೋಡಬೇಕು. ಅಗಲವಾದ ಎಲೆಗಳು ಕಡುಗೆಂಪಾಗಿ ಉದುರುತ್ತವೆ. ಅಫಜಲಪುರ ತಾಲ್ಲೂಕಿನ ನಮ್ಮ ಹವಳಗಾದಲ್ಲಿ ಬೇವಿನ ಎಲೆ ಹಳದಿಯಾಗಿ ಉದುರಿ, ಯುಗಾದಿ ಹೊತ್ತಿಗೆ ಚಿಗುರು, ಹೂವು ಬರುತ್ತವೆ.

ಉದುರುವ ಮುಂಚೆ ಗಿಡ ಎಲೆಯ ಹಸಿರಾದ ಕ್ಲೋರೊಫಿಲ್ ಅನ್ನು ಒಡೆಯುತ್ತದೆ. ಆಗ ಒಳಗೇ ಇದ್ದ ಹಳದಿ ಕಾಣುತ್ತದೆ. ಕೆಂಪು ಮಾತ್ರ ಹೊಸದಾಗಿ ತಯಾರಾಗುತ್ತದೆ.

ಶೀತ ದೇಶಗಳಲ್ಲಿ ಇದಕ್ಕೆ ಸೂಚನೆ ಕೊಡುವುದು ಕುಗ್ಗುವ ಹಗಲು, ತಣ್ಣನೆಯ ರಾತ್ರಿ. ನಗರದ ಕಾಂಕ್ರೀಟು, ಡಾಂಬರು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಡುತ್ತವೆ. ರಾತ್ರಿ ತಂಪಾಗುವುದು ತಡವಾದರೆ ಎಲೆ ಹಣ್ಣಾಗುವುದೂ ತಡ. ಅಮೆರಿಕದ ಪೂರ್ವ ಭಾಗದ ನಗರಗಳಲ್ಲಿ ಗಿಡಗಳ ಹಸಿರಿನ ಕಾಲ ಸುತ್ತಲಿನ ಹಳ್ಳಿಗಾಡಿಗಿಂತ ಸುಮಾರು 15 ದಿನ ಹೆಚ್ಚು ಎಂದು 2004ರಲ್ಲಿ ಉಪಗ್ರಹ ಚಿತ್ರಗಳ ಅಧ್ಯಯನವೊಂದು ತೋರಿಸಿತು.

ನಮ್ಮ ಬಿಸಿಲುನಾಡಿನ ಗಡಿಯಾರ ಬೇರೆ. ಇಲ್ಲಿ ಚಳಿಗಿಂತ ಮಣ್ಣಿನ ತೇವ ಮುಖ್ಯ. ಬುಡದವರೆಗೆ ಸಿಮೆಂಟ್ ಬಳಿದರೆ ಮಳೆನೀರು ಬೇರಿಗೆ ಇಳಿಯದು; ಬಿಸಿಗೆ ಎಲೆ ಬೇಗ ಒಣಗಬಹುದು. ಪಕ್ಕದಲ್ಲೇ ಸೋರುವ ನಲ್ಲಿ ಇನ್ನೊಂದು ಗಿಡವನ್ನು ಹಸಿರಾಗಿಯೇ ಇಡಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಗೆ ಇದು ಬರೀ ಬಣ್ಣದ ಮಾತಲ್ಲ, ನೆರಳಿನ ಪ್ರಶ್ನೆ.

ಊರಿಗೂ ಪಟ್ಟಣಕ್ಕೂ ಓಡಾಡುವ ನಮ್ಮಂಥ ವಿದ್ಯಾರ್ಥಿಗಳೇ ಇದನ್ನು ಅಳೆಯಬಹುದು. ಊರಲ್ಲೊಂದು, ಕಾಲೇಜಿನ ಬಳಿಯೊಂದು ಬೇವಿನ ಗಿಡ ಆರಿಸಿಕೊಳ್ಳಿ. ಎಲೆ ಹಣ್ಣಾದ, ಉದುರಿದ, ಚಿಗುರಿದ ದಿನ ಬರೆದಿಡಿ. ‘ಸೀಸನ್‌ವಾಚ್’ ಯೋಜನೆ ದೇಶದ ಜನರಿಂದ ಇಂಥದ್ದೇ ಮಾಹಿತಿ ಸಂಗ್ರಹಿಸುತ್ತದೆ. ಎಂಜಿನಿಯರಿಂಗ್ ಓದುವ ನನಗೆ ಇದಕ್ಕಿಂತ ಅಗ್ಗದ ಥರ್ಮಾಮೀಟರ್ ಕಂಡಿಲ್ಲ.