ಊರಿನ ಮನೆಯ ಬ್ಯಾಟರಿಗೆ ಮುಂಬಯಿಯಿಂದ ಕಣ್ಗಾವಲು
ಸೌರ ವ್ಯವಸ್ಥೆ ಕೂರಿಸಿದರೆ ಸಾಲದು, ಅದರ ಲೆಕ್ಕವೂ ಕೈಗೆ ಸಿಗಬೇಕು

ಮುಂಬಯಿ: ಆಟಿ ತಿಂಗಳ ಗಾಳಿ-ಮಳೆಗೆ ಕರಾವಳಿಯ ಹಳ್ಳಿಗಳಲ್ಲಿ ಮರ ಬಿದ್ದು ತಂತಿ ಕಡಿದರೆ ಕರೆಂಟು ಮತ್ತೆ ಬರುವುದು ಎಷ್ಟು ಹೊತ್ತಿಗೆ ಎಂದು ಹೇಳುವುದು ಕಷ್ಟ. ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ತುಳು-ಕನ್ನಡಿಗರಲ್ಲಿ ಅನೇಕರ ಊರಿನ ಮನೆಗಳಲ್ಲಿ ಈಗ ಇರುವುದು ವಯಸ್ಸಾದ ತಂದೆ-ತಾಯಿ ಮಾತ್ರ. ಅವರಿಗೆ ತೊಂದರೆಯಾಗಬಾರದೆಂದು ಮಕ್ಕಳು ಮಾಡಿನ ಮೇಲೆ ಸೌರಫಲಕ, ಒಳಗೆ ಇನ್ವರ್ಟರ್ ಮತ್ತು ಲಿಥಿಯಂ ಬ್ಯಾಟರಿ ಕೂರಿಸಿ ಬರುತ್ತಾರೆ. ಅಲ್ಲಿಗೆ ಜವಾಬ್ದಾರಿ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ಉಳಿದದ್ದನ್ನು ಯಾವ ಯಂತ್ರ ಎಳೆಯುತ್ತಿದೆ ಎಂಬುದು ತಿಳಿಯದಿದ್ದರೆ ದುಬಾರಿ ವ್ಯವಸ್ಥೆಯೂ ಬೇಕಾದ ಹೊತ್ತಿಗೆ ಕೈಕೊಡಬಹುದು.

ಒಂದು ಲೆಕ್ಕ ನೋಡಬಹುದು. ಮನೆಯಲ್ಲಿರುವುದು 51.2 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ. ತುಂಬಿದಾಗ ಅದರಲ್ಲಿರುವುದು 5 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಅದನ್ನು ಪೂರ್ತಿ ಬರಿದು ಮಾಡುವಂತಿಲ್ಲ, ಇನ್ವರ್ಟರಿನಲ್ಲೂ ಒಂದಿಷ್ಟು ನಷ್ಟವಾಗುತ್ತದೆ. ಹೀಗಾಗಿ ಕೈಗೆ ಸಿಗುವುದು ಸುಮಾರು 4.1 ಯೂನಿಟ್. ಅಮ್ಮನಿಗೆ ಉಸಿರಾಟದ ತೊಂದರೆಯಿದ್ದು ರಾತ್ರಿ ಆಮ್ಲಜನಕದ ಯಂತ್ರ ಬೇಕು ಎಂದಾದರೆ, 5 ಲೀಟರಿನ ಕಾನ್ಸಂಟ್ರೇಟರ್ ಸುಮಾರು 350 ವಾಟ್ ಎಳೆಯುತ್ತದೆ. ಎರಡು ಹಳೆಯ ಫ್ಯಾನುಗಳಿಗೆ 150, ಫ್ರಿಜ್ಜಿಗೆ ಸರಾಸರಿ 40. ರಾತ್ರಿ 10ಕ್ಕೆ ಕರೆಂಟು ಹೋದರೆ ತುಂಬಿದ ಬ್ಯಾಟರಿ ಬೆಳಗ್ಗೆ 5.30ರವರೆಗೆ ಬಂದೀತು. ಇಂದಿನ ಇನ್ವರ್ಟರುಗಳು ಎಷ್ಟು ಸಲೀಸಾಗಿ ಬದಲಾಗುತ್ತವೆಂದರೆ ಕರೆಂಟು ಹೋದದ್ದೇ ಮನೆಯವರ ಗಮನಕ್ಕೆ ಬರುವುದಿಲ್ಲ. ಆ ಹೊತ್ತಿಗೆ ಬಾವಿಯ ಒಂದು ಎಚ್.ಪಿ. ಪಂಪು ಅರ್ಧ ಗಂಟೆ ಓಡಿತೆಂದರೆ ಸುಮಾರು ಅರ್ಧ ಯೂನಿಟ್ ಖರ್ಚು. ಬ್ಯಾಟರಿ ಮುಗಿಯುವುದು 4.40ರ ಸುಮಾರಿಗೆ, ಎಲ್ಲರೂ ಗಾಢ ನಿದ್ದೆಯಲ್ಲಿರುವಾಗ.

ಈ ಎಲ್ಲ ಅಂಕಿಗಳೂ ಇನ್ವರ್ಟರಿನ ಒಳಗೇ ಇರುತ್ತವೆ. ಹೆಚ್ಚಿನ ಕಂಪೆನಿಗಳು ವೈಫೈ ಕಡ್ಡಿಯೊಂದನ್ನು ಕೊಟ್ಟು, ಅಂಕಿಗಳನ್ನು ತಮ್ಮ ಸರ್ವರ್‌ಗೆ ಕಳುಹಿಸಿ, ಮೊಬೈಲ್ ಆಪ್‌ನಲ್ಲಿ ತೋರಿಸುತ್ತವೆ. ಅದು ಸಾಮಾನ್ಯವಾಗಿ ಐದೈದು ನಿಮಿಷಕ್ಕೊಮ್ಮೆ ಬರುವ ಚಿತ್ರ. ಇಂಟರ್‌ನೆಟ್ ಹೋದರೆ ಅದೂ ಇಲ್ಲ. ದೂರದ ಸರ್ವರ್‌ನ ಬಾಗಿಲು ಎರಡೂ ಕಡೆ ತೆರೆಯುತ್ತದೆ ಎಂಬುದೂ ಗಮನಾರ್ಹ. 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ಚೀನಾ ತಯಾರಿಕೆಯ ಕೆಲವು ಇನ್ವರ್ಟರುಗಳು ವ್ಯಾಪಾರದ ತಕರಾರಿನ ನಡುವೆ ಇದ್ದಕ್ಕಿದ್ದಂತೆ ನಿಂತುಹೋದ ಸುದ್ದಿ ಹಲವರಿಗೆ ನೆನಪಿರಬಹುದು.

ಇದಕ್ಕೆ ಬದಲಾಗಿ ಮಾಹಿತಿಯನ್ನು ಮನೆಯೊಳಗೇ ಹೊರತೆಗೆಯುವ ದಾರಿಯಿದೆ. ಬಹಳಷ್ಟು ಇನ್ವರ್ಟರುಗಳಲ್ಲಿ ಆರ್‌ಎಸ್-485 ಎಂಬ ಕಿಂಡಿ ಇರುತ್ತದೆ. ಅದು ಮಾತನಾಡುವುದು 1979ರಲ್ಲಿ ಕಾರ್ಖಾನೆಗಳಿಗಾಗಿ ರೂಪುಗೊಂಡ ಮಾಡ್‌ಬಸ್ ಎಂಬ ಹಳೆಯ, ಸರಳ ಭಾಷೆಯನ್ನು. ರಾಸ್ಪ್‌ಬೆರಿ ಪೈಯಂಥ ಅಂಗೈಯಗಲದ ಗಣಕವನ್ನು ಒಂದು ಕೇಬಲಿನಿಂದ ಅಲ್ಲಿಗೆ ಜೋಡಿಸಿದರೆ ಸೌರಫಲಕದ ಉತ್ಪಾದನೆ, ಮನೆಯ ಬಳಕೆ, ಬ್ಯಾಟರಿಯ ಮಟ್ಟ ಎಲ್ಲವೂ ಕೆಲವೇ ಸೆಕೆಂಡುಗಳಿಗೊಮ್ಮೆ ಸಿಗುತ್ತವೆ. ಅವನ್ನು ತೋರಿಸಲು 2013ರಲ್ಲಿ ಆರಂಭವಾದ 'ಹೋಮ್ ಅಸಿಸ್ಟೆಂಟ್' ಎಂಬ ತಂತ್ರಾಂಶ ಉಚಿತವಾಗಿ ಲಭ್ಯ. ಅದರಲ್ಲಿ 2021ರಿಂದ ವಿದ್ಯುತ್ತಿನ ಲೆಕ್ಕಕ್ಕೆಂದೇ ಪ್ರತ್ಯೇಕ ಪುಟವಿದೆ.

ಮೊದಲ ಒಂದೆರಡು ತಿಂಗಳು ಬರೇ ಓದುವುದು ಲೇಸು, ಯಾವುದನ್ನೂ ಬದಲಿಸುವುದು ಬೇಡ. ಮನೆಯ ನಿಜವಾದ ಅಭ್ಯಾಸ ಆಗ ಕಾಣಿಸುತ್ತದೆ. ಹೊಟ್ಟೆಬಾಕ ಯಂತ್ರ ಯಾವುದು, ಮೋಡದ ದಿನ ಉತ್ಪಾದನೆ ಎಷ್ಟು ಕುಸಿಯುತ್ತದೆ ಎಂಬುದಕ್ಕೆ ಊಹೆ ಬೇಕಾಗುವುದಿಲ್ಲ. ಒಳ್ಳೆಯ ಬಿಸಿಲಿಗೆ 3 ಕಿಲೋವಾಟ್ ಫಲಕಗಳು ದಿನಕ್ಕೆ ಸುಮಾರು 12 ಯೂನಿಟ್ ಕೊಟ್ಟರೆ, ದಟ್ಟ ಮಳೆಯ ದಿನ ಅದು ಮೂರರಲ್ಲಿ ಒಂದು ಪಾಲಿಗೂ ಇಳಿಯಬಹುದು.

ಬ್ಯಾಟರಿಯ ಶೇಕಡಾ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದು ಇಲ್ಲಿನ ಸೂಕ್ಷ್ಮ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ವೋಲ್ಟೇಜು ನಡುವಿನ ಹಂತದಲ್ಲಿ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ಅದನ್ನು ನೋಡಿ ಉಳಿಕೆಯನ್ನು ಅಳೆಯಲಾಗದು. ಹಾಗಾಗಿ ಒಳಬಂದದ್ದು, ಹೊರಹೋದದ್ದು ಎಂದು ಬ್ಯಾಂಕಿನ ಪಾಸ್‌ಬುಕ್ಕಿನಂತೆ ಕೂಡಿ ಕಳೆಯುತ್ತಾರೆ. ಸಣ್ಣ ತಪ್ಪುಗಳು ಸೇರುತ್ತಾ ಹೋಗುತ್ತವೆ, ಬ್ಯಾಟರಿ ಪೂರ್ತಿ ತುಂಬಿದ ದಿನವಷ್ಟೇ ಲೆಕ್ಕ ಸರಿಹೋಗುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಅದು ತುಂಬದೇ ಇರಬಹುದು. ಅಂದರೆ ಅಂಕಿ ಹೆಚ್ಚು ಬೇಕಾದ ಕಾಲದಲ್ಲೇ ಅದು ಸುಳ್ಳಾಡುವ ಸಾಧ್ಯತೆಯೂ ಹೆಚ್ಚು. ವಾರಕ್ಕೊಮ್ಮೆ ಮೆಸ್ಕಾಂ ಕರೆಂಟಿನಿಂದಲೇ ಪೂರ್ತಿ ತುಂಬಿಸುವ ಏರ್ಪಾಡು ಇದಕ್ಕೆ ಮದ್ದು.

ಇಷ್ಟು ತಿಳಿದ ಮೇಲೆ ಸ್ವಯಂಚಾಲನೆ ಕಠಿಣವಲ್ಲ. ಬ್ಯಾಟರಿ ಶೇ. 90 ದಾಟಿ ಬಿಸಿಲಿದ್ದರೆ ಮಧ್ಯಾಹ್ನವೇ ಪಂಪು ಓಡಿ ಟಾಂಕಿ ತುಂಬಲಿ. ಕರೆಂಟು ಹೋದೊಡನೆ ಪಂಪು ಮತ್ತು ಗೀಸರ್ ತಾವಾಗಿ ಕಡಿದುಕೊಳ್ಳಲಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಮುಂಬಯಿಯಲ್ಲಿರುವ ಮಗ ಬೆರಳೊತ್ತಿದರೆ ಬ್ಯಾಟರಿ ಮುಂಚಿತವಾಗಿ ತುಂಬಿಕೊಳ್ಳಲಿ. ಉಳಿಕೆ ಶೇ. 40ಕ್ಕೆ ಇಳಿದಾಗ ಮಗನ ಮೊಬೈಲಿಗೂ ನೆರೆಮನೆಯವರ ಮೊಬೈಲಿಗೂ ಸಂದೇಶ ಹೋಗಲಿ. ಗಾಳಿಮಳೆಗೆ ಹಳ್ಳಿಯ ಇಂಟರ್‌ನೆಟ್ಟೂ ಹೋಗುವುದುಂಟು. ಆದುದರಿಂದ ನಿರ್ಧಾರಗಳೆಲ್ಲ ಮನೆಯೊಳಗಿನ ಗಣಕದಲ್ಲೇ ನಡೆಯಬೇಕು, ಸಂದೇಶದ ಜೊತೆಗೆ ಚಾವಡಿಯಲ್ಲಿ ಒಂದು ಬಜರ್ ಕೂಡ ಕೂಗಬೇಕು. ರೌಟರಿಗೂ ಬ್ಯಾಟರಿಯ ಸಂಪರ್ಕ ಕೊಡಲು ಮರೆಯುವವರು ಬಹಳ.

ಉತ್ಸಾಹಕ್ಕೆ ಕಡಿವಾಣವೂ ಬೇಕು. ಇನ್ವರ್ಟರಿನ ಸೆಟ್ಟಿಂಗ್‌ಗಳನ್ನು ಗಣಕದಿಂದ ನಿಮಿಷಕ್ಕೊಮ್ಮೆ ತಿದ್ದುತ್ತಾ ಹೋದರೆ ಅದರ ಸ್ಮೃತಿಕೋಶ ಸವೆದುಹೋಗುತ್ತದೆ. ಬ್ಯಾಟರಿಯ ಕೊನೆಯ ರಕ್ಷಣೆಯ ಮಿತಿಗಳು ಇನ್ವರ್ಟರಿನಲ್ಲೇ ಇರಬೇಕು, ಗಣಕ ಕೆಟ್ಟು ಕೂತರೂ ಮನೆಗೆ ಬೆಳಕು ಬರಬೇಕು. ಕೇಬಲ್ ಜೋಡಿಸುವ ಮುನ್ನ ವಾರಂಟಿಯ ಷರತ್ತು ಓದುವುದು, ಪಂಪಿನ ರಿಲೇ ಕೆಲಸವನ್ನು ಊರಿನ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಒಪ್ಪಿಸುವುದು ಕ್ಷೇಮ. ಆಮ್ಲಜನಕದ ವಿಷಯದಲ್ಲಂತೂ ಎಷ್ಟೇ ಜಾಣ ವ್ಯವಸ್ಥೆಯಿದ್ದರೂ ತುಂಬಿದ ಸಿಲಿಂಡರ್ ಒಂದು ಮಂಚದ ಪಕ್ಕದಲ್ಲಿರಲೇಬೇಕು.

ಹೊಸದಾಗಿ ಕೂರಿಸುವವರು ತಿಳಿಯಬೇಕಾದ್ದು ಇನ್ನೊಂದಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ., ಒಟ್ಟು ಗರಿಷ್ಠ 78,000 ರೂ. ಸಹಾಯಧನ ನಿಗದಿಯಾಗಿದೆ. ಈ ಸಹಾಯಧನವನ್ನು ಲೆಕ್ಕ ಹಾಕುವುದು ಫಲಕದ ಸಾಮರ್ಥ್ಯದ ಮೇಲೆ, ಬ್ಯಾಟರಿಯ ಮೇಲಲ್ಲ. ಬ್ಯಾಟರಿಯಿಲ್ಲದೆ ನೇರ ಗ್ರಿಡ್‌ಗೆ ಜೋಡಿಸಿದ ಫಲಕಗಳು ಕರೆಂಟು ಹೋದೊಡನೆ, ಲೈನ್‌ಮನ್‌ನ ಜೀವರಕ್ಷಣೆಗಾಗಿ, ಹಗಲಿನಲ್ಲೂ ನಿಂತುಹೋಗುತ್ತವೆ. ನೆತ್ತಿಯ ಮೇಲೆ ಬಿಸಿಲಿದ್ದೂ ಮನೆಯೊಳಗೆ ಕತ್ತಲೆಯೇಕೆ ಎಂದು ಊರಿನಿಂದ ಫೋನ್ ಬರುವುದು ಆಮೇಲೆ.

ಮೇ ತಿಂಗಳಲ್ಲಿ ರಜೆಗೆ ಊರಿಗೆ ಹೋದಾಗ ಒಂದು ರಾತ್ರಿ ಮೈನ್ ಸ್ವಿಚ್ಚನ್ನು ಬೇಕೆಂದೇ ಇಳಿಸಿ, ಬೆಳಗಿನವರೆಗೆ ಬ್ಯಾಟರಿ ಎಷ್ಟು ಬಂತು, ಬಜರ್ ಕೂಗಿತೇ, ಸಂದೇಶ ಮುಟ್ಟಿತೇ ಎಂದು ಪರೀಕ್ಷಿಸಿಕೊಳ್ಳುವುದು ಉತ್ತಮ. ಸ್ವಯಂಚಾಲನೆ ತಪ್ಪಿದರೆ ಯಾವ ಸ್ವಿಚ್ಚನ್ನು ಕೈಯಿಂದ ಹಾಕಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು, ಅಪ್ಪ ಕನ್ನಡಕವಿಲ್ಲದೆಯೂ ಓದುವಂತೆ, ಸ್ವಿಚ್‌ಬೋರ್ಡಿನ ಪಕ್ಕ ಅಂಟಿಸಿ ಬರಬೇಕು.