ಡಾಲ್‌ಹೌಸಿ ಸಾಹೇಬರ ಪದವಿ ಯಾರಿಗೆ ಹೋಯಿತು?



ಹೋದ ಬೇಸಿಗೆ ಸೂಟಿಯಲ್ಲಿ ನಮ್ಮ ಮನೆಯೊಳಗೆ ಒಂದು ಮಾತು ಎದ್ದಿತು. ನಮ್ಮ ದೊಡ್ಡಪ್ಪನಿಗೆ ಮಕ್ಕಳಿಲ್ಲ. ನನ್ನ ತಮ್ಮನನ್ನು ಅವರಿಗೆ ದತ್ತಕ ಕೊಡಬೇಕೆಂದು ಆಯಿ ಹೇಳಿದಳು. "ಮನೀ ಹೆಸರು ಉಳೀಬೇಕಲ್ಲ, ದೀಪಾ ಹಚ್ಚಾಕ ಒಬ್ಬರು ಬೇಕು" ಎಂದಳು. ತಮ್ಮ ಇನ್ನೂ ನಾಲ್ಕನೇ ಇಯತ್ತೆ. ರಾತ್ರಿ ಮಲಗಿದಾಗ ನನ್ನ ಕಡೆ ಹೊರಳಿ, "ಅಕ್ಕಾ, ನಾ ದೊಡ್ಡಪ್ಪನ ಮಗಾ ಆದ್ರ ನಿನ್ನ ತಮ್ಮ ಆಗಂಗಿಲ್ಲೇನ?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಶಾಲೆ ಶುರುವಾದ ಮೇಲೆ ಕಿತ್ತೂರಿನ ಪಾಠ ಬಂತು. ಅಲ್ಲಿಯೂ ದತ್ತಕದ ಮಾತೇ! ಒಂದು ಮನೆಯ ದತ್ತಕಕ್ಕಾಗಿ ಯುದ್ಧ ಏಕೆ ಆಯಿತು ಎಂದು ತಿಳಿಯುವ ಆಸೆಯಾಯಿತು. ಗುರುಗಳನ್ನು ಕೇಳಿ, ಪುಸ್ತಕ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ದೇಸಗತಿ ಎಂದರೇನು ನೋಡೋಣ. ಹಿಂದಿನ ಕಾಲದಲ್ಲಿ ಹಲವು ಹಳ್ಳಿಗಳು ಕೂಡಿ ಒಂದು ಪರಗಣೆ. ಹಳ್ಳಿಗೆ ಗೌಡ, ಕುಲಕರ್ಣಿ ಇದ್ದ ಹಾಗೆ ಪರಗಣೆಗೆ ದೇಸಾಯಿ, ದೇಶಪಾಂಡೆ. ಕಂದಾಯ ವಸೂಲಿ ಮಾಡಿಸುವುದು ದೇಸಾಯಿಯ ಕೆಲಸ, ಲೆಕ್ಕ ಇಡುವುದು ದೇಶಪಾಂಡೆಯ ಕೆಲಸ. ಇದಕ್ಕಾಗಿ ಅವರಿಗೆ ವತನ ಜಮೀನು ಇರುತ್ತಿತ್ತು. ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ, ಹೀಗೆ ವಂಶಪಾರಂಪರ್ಯವಾಗಿ ನಡೆಯುತ್ತಿತ್ತು. ಕೆಲವು ದೇಸಾಯರು ಕೋಟೆ, ದಂಡು ಕಟ್ಟಿಕೊಂಡು ರಾಜರ ಹಾಗೇ ಬಾಳಿದರು. ಕಿತ್ತೂರಿನವರು ಹಾಗೆ ಬಾಳಿದವರು.

ಮಗ ಇಲ್ಲದಿದ್ದರೆ? ಶಾಸ್ತ್ರ ಪ್ರಕಾರ ದತ್ತಕ ತೆಗೆದುಕೊಂಡರೆ ಆಯಿತು. ನಮ್ಮವರ ಲೆಕ್ಕದಲ್ಲಿ ದತ್ತಕ ಮಗನೂ ಮಗನೇ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ದೇಸಾಯಿ ತೀರಿಕೊಂಡರು. ಮಕ್ಕಳಿರಲಿಲ್ಲ. ಮಾಸ್ತಮರಡಿ ಗೌಡರ ಮನೆಯ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಇದನ್ನು ಒಪ್ಪಲಿಲ್ಲ. ಸರ್ಕಾರದ ಅಪ್ಪಣೆ ಮೊದಲೇ ಪಡೆದಿಲ್ಲ ಎಂದು ತಕರಾರು ತೆಗೆದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ದಂಡು ಬಂದು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು.

ಮುಂದೆ 1848ರಲ್ಲಿ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದ. ಮಗನಿಲ್ಲದ ಸಂಸ್ಥಾನಗಳನ್ನು ದತ್ತಕ ಒಪ್ಪದೆ ಕಂಪನಿಗೆ ಸೇರಿಸಿಕೊಳ್ಳುವುದನ್ನೇ ಅವನು ಪದ್ಧತಿ ಮಾಡಿದ. ಸಾತಾರಾ, ನಾಗಪುರ, ಝಾನ್ಸಿ ಹಾಗೇ ಹೋದವು. ನಮ್ಮ ಕಡೆಯ ನರಗುಂದದ ಭಾಸ್ಕರರಾವ್ ಭಾವೆಯವರಿಗೂ ದತ್ತಕಕ್ಕೆ ಅಪ್ಪಣೆ ಸಿಗಲಿಲ್ಲ. ಅವರು 1858ರಲ್ಲಿ ಬಂಡೆದ್ದರು. ಅದೇ ಜೂನ್‌ನಲ್ಲಿ ಅವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಇಲ್ಲಿಯವರೆಗೆ ನಮಗೆಲ್ಲ ಗೊತ್ತಿದ್ದದ್ದೇ. ನನಗೆ ಅಚ್ಚರಿಯಾದದ್ದು ಮುಂದಿನ ಸಂಗತಿ.

ಡಾಲ್‌ಹೌಸಿ ಎನ್ನುವುದು ಆ ಮನುಷ್ಯನ ಹೆಸರೇ ಅಲ್ಲ! ಅದು ಒಂದು ಊರಿನ ಹೆಸರು, ಒಂದು ಪದವಿಯ ಹೆಸರು. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋ ಹತ್ತಿರ ಡಾಲ್‌ಹೌಸಿ ಎಂಬ ಕೋಟೆ ಇದೆ. ಅಲ್ಲಿಯ ರಾಮ್ಸೆ ಮನೆತನದವರಿಗೆ 1633ರಲ್ಲಿ ರಾಜನು 'ಅರ್ಲ್' ಎಂಬ ಪದವಿ ಕೊಟ್ಟ. ಇದೂ ನಮ್ಮ ದೇಸಗತಿಯ ಹಾಗೆ ವಂಶಪಾರಂಪರ್ಯದ್ದು. ನಮ್ಮ ಪಾಠದ ಡಾಲ್‌ಹೌಸಿ ಆ ಮನೆತನದ 10ನೆಯ ಅರ್ಲ್. 1849ರಲ್ಲಿ ಅವನಿಗೆ ಇನ್ನೂ ಮೇಲಿನ 'ಮಾರ್ಕ್ವಿಸ್' ಪದವಿ ಸಿಕ್ಕಿತು.

ಅಲ್ಲಿ ಪದವಿ ಕೊಡುವಾಗ ಮುಂದೆ ಯಾರಿಗೆ ಹೋಗಬೇಕು ಎಂಬುದೂ ನಿಗದಿ ಆಗಿರುತ್ತದೆ. ಕೆಲವು ಪದವಿ ಪಡೆದವನ ಗಂಡು ಸಂತಾನಕ್ಕೆ ಮಾತ್ರ. ಕೆಲವು ಮನೆತನದ ಬೇರೆ ಟಿಸಿಲಿನ ಗಂಡಸರಿಗೂ ಹೋಗುತ್ತವೆ. ಸ್ಕಾಟ್ಲೆಂಡಿನ ಕೆಲವು ಹಳೆಯ ಪದವಿಗಳು ಹೆಣ್ಣುಮಕ್ಕಳಿಗೂ ಬರುತ್ತವೆ. ಸದರ್‌ಲ್ಯಾಂಡ್ ಮನೆತನದಲ್ಲಿ 1963ರಲ್ಲಿ ಮಕ್ಕಳಿಲ್ಲದ ದೊರೆ ತೀರಿದಾಗ ಅರ್ಲ್ ಪದವಿ ಅವನ ಅಣ್ಣತಮ್ಮಂದಿರ ಮಗಳಿಗೆ ಬಂತು. ಅವನದೇ ಇನ್ನೊಂದು ಪದವಿ 'ಡ್ಯೂಕ್' ಮಾತ್ರ ದೂರದ ಗಂಡು ಸಂಬಂಧಿಗೆ ಹೋಯಿತು. ಆದರೆ ದತ್ತಕ ಮಕ್ಕಳಿಗೆ ಅಲ್ಲಿ ಪದವಿ ಬರುವುದಿಲ್ಲ. ರಕ್ತಸಂಬಂಧ ಬೇಕೇ ಬೇಕು.

ಈಗ ಕೇಳಿರಿ. ನಮ್ಮವರಿಗೆ ಗಂಡುಸಂತಾನ ಇಲ್ಲವೆಂದು ಸಂಸ್ಥಾನ ಕಸಿದ ಡಾಲ್‌ಹೌಸಿಗೂ ಗಂಡುಮಕ್ಕಳಿರಲಿಲ್ಲ! ಇಬ್ಬರು ಹೆಣ್ಣುಮಕ್ಕಳು ಮಾತ್ರ. 1860ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. ಮಾರ್ಕ್ವಿಸ್ ಪದವಿ ಅವನ ಕೂಡ ಮುಗಿಯಿತು. ಆದರೆ ಹಳೆಯ ಅರ್ಲ್ ಪದವಿ ಮುಗಿಯಲಿಲ್ಲ. ಅದು ದಾಯಾದಿ ಸಹೋದರನಿಗೆ ಹೋಯಿತು. ಅವನಿಗೂ ಮಕ್ಕಳಿಲ್ಲದೆ 1874ರಲ್ಲಿ ತೀರಿದಾಗ ಮತ್ತೊಬ್ಬ ದಾಯಾದಿಗೆ ಹೋಯಿತು. ಆ ಪದವಿ ಇವತ್ತಿಗೂ ಇದೆ.

ನಾನು ಸಿಟ್ಟಿನಿಂದ, "ಸರ್, ತಮಗೊಂದು ನ್ಯಾಯ, ನಮಗೊಂದು ನ್ಯಾಯ ಆತಲ್ರಿ!" ಎಂದೆ. ಗುರುಗಳು ನಕ್ಕು, "ಸಿಟ್ಟು ಬರೋದು ಸಹಜ. ಆದರ ಇನ್ನಷ್ಟು ವಿಚಾರ ಮಾಡು" ಎಂದರು. ವಿಚಾರ ಮಾಡಿದಾಗ ಇಷ್ಟು ತಿಳಿಯಿತು. ಮಗ ಇಲ್ಲದಾಗ ಮನೆತನ ಮುಂದೆ ನಡೆಯುವ ದಾರಿ ಅವರಲ್ಲೂ ಇತ್ತು, ನಮ್ಮಲ್ಲೂ ಇತ್ತು. ಅವರ ದಾರಿ ದಾಯಾದಿ, ನಮ್ಮ ದಾರಿ ದತ್ತಕ. ಅವರ ದಾರಿಗೆ ಯಾರೂ ಅಡ್ಡ ನಿಲ್ಲಲಿಲ್ಲ. ನಮ್ಮ ದಾರಿಯಲ್ಲಿ ಅವರು ಅಡ್ಡ ನಿಂತರು, ಏಕೆಂದರೆ ಅಪ್ಪಣೆ ಕೊಡುವ ಅಧಿಕಾರ ಅವರ ಕೈಯಲ್ಲಿತ್ತು, ಸಂಸ್ಥಾನವೂ ಅವರಿಗೇ ಸೇರುತ್ತಿತ್ತು. ತಾನೇ ಲಾಭ ಪಡೆಯುವವನು ನ್ಯಾಯ ಹೇಳಲು ಕೂತರೆ ಹೀಗೇ ಆಗುತ್ತದೆ. 1857ರ ದಂಗೆ ಕಂಡ ಮೇಲೆ ಸರ್ಕಾರಕ್ಕೂ ಬುದ್ಧಿ ಬಂತು. 1862ರಲ್ಲಿ ಸಂಸ್ಥಾನಿಕರಿಗೆ ದತ್ತಕದ ಸನದು ಕೊಟ್ಟರು. ಆದರೆ ಕಿತ್ತೂರು, ನರಗುಂದ ತಿರುಗಿ ಬರಲಿಲ್ಲ.

ಈಗ ದೇಸಗತಿಗಳಿಲ್ಲ. 1950ರ ಮುಂಬಯಿ ಸರ್ಕಾರದ ಕಾಯ್ದೆಯಿಂದ ನಮ್ಮ ಜಿಲ್ಲೆಯ ಪರಗಣೆ ವತನ, ಕುಲಕರ್ಣಿ ವತನ ರದ್ದಾದವು. ನಮ್ಮ ಸಂವಿಧಾನದ 18ನೆಯ ವಿಧಿ ಇಂಥ ಪದವಿಗಳನ್ನೇ ತೆಗೆದುಹಾಕಿದೆ. ದೇಸಾಯಿ ಎಂಬುದು ಈಗ ಅಡ್ಡಹೆಸರು, ಅಷ್ಟೇ.

ಹಾಗಾದರೆ ಯಾರ ಹೆಸರು ಉಳಿಯಿತು? ಸವದತ್ತಿ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿಯವರನ್ನು ನೋಡಿರಿ. ಅವರು ಆ ದೇಸಗತಿಗೆ ದತ್ತಕ ಬಂದವರೇ. 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೃತ್ಯುಪತ್ರ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ನಮ್ಮ ಘಟಪ್ರಭೆಗೆ ಹಿಡಕಲ್‌ನಲ್ಲಿ ಕಟ್ಟಿದ ಜಲಾಶಯಕ್ಕೆ ವಂಟಮುರಿಯ ರಾಜಾ ಲಖಮಗೌಡರ ಹೆಸರಿದೆ. ಅವರೂ ವಿದ್ಯಾಸಂಸ್ಥೆಗಳಿಗೆ ದಾನ ಮಾಡಿದವರು.

ಇನ್ನು ನಮ್ಮ ಮನೆಯ ಮಾತು. 1956ರ ದತ್ತಕ ಕಾಯ್ದೆಯ ಪ್ರಕಾರ ದತ್ತಕ ಹೋದವನು ಆ ದಿನದಿಂದ ಆ ಮನೆಯ ಮಗ. ಹೆಣ್ಣುಮಕ್ಕಳನ್ನೂ ದತ್ತಕ ತೆಗೆದುಕೊಳ್ಳಬಹುದು. ಇದನ್ನು ಆಯಿಗೆ ಓದಿ ಹೇಳಿದೆ. ಆಯಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, "ಹಂಗಾರ ನೀನ ಹೋಗ್ತೀಯೇನ ದೊಡ್ಡಪ್ಪನ ಮನೀಗೆ?" ಎಂದಳು. ಈ ಪ್ರಶ್ನೆ ನನಗೇ ತಿರುಗಿ ಬರುತ್ತದೆಂದು ಎಣಿಸಿರಲಿಲ್ಲ. ಸುಮ್ಮನೆ ನಿಂತೆ. ಆಗ ತಮ್ಮನ ಮನಸ್ಸಿನ ಕಷ್ಟ ನನಗೆ ತಿಳಿಯಿತು. "ಆಯಿ, ಮೊದಲ ಅವನ್ನ ಒಂದ ಮಾತ ಕೇಳೋಣ" ಎಂದೆ. ಆಯಿ "ಹೂಂ" ಅಂದಳು. ಕಿತ್ತೂರಿನ ಹುಡುಗ ಶಿವಲಿಂಗಪ್ಪನನ್ನು ಯಾರಾದರೂ ಕೇಳಿದ್ದರೋ ಇಲ್ಲವೋ!

ಮಿತ್ರರೇ, ನಿಮ್ಮ ಮನೆಯಲ್ಲಿಯೂ ದತ್ತಕದ, ವತನದ ಹಳೆಯ ಸಂಗತಿಗಳಿದ್ದರೆ ಹಿರಿಯರನ್ನು ಕೇಳಿ ಬರೆದುಕೊಡಿರಿ. ಮುಂದಿನ ಸಂಚಿಕೆಯಲ್ಲಿ ಹಚ್ಚೋಣ.

— ಒಂಬತ್ತನೇ ಇಯತ್ತೆಯ ವಿದ್ಯಾರ್ಥಿನಿ, ಮೇಲವಂಕಿ