ಹಳೆಯ ಅಂಕಪಟ್ಟಿಗೂ ಬೆಲೆಯುಂಟು: ಅಂಚೆ ಕಚೇರಿಯ ಮೊದಲ ಮೆಟ್ಟಿಲು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹತ್ತನೇ ತರಗತಿ ಮುಗಿಯುತ್ತಿದ್ದಂತೆ ಲಗ್ನವಾದವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. "ನಾನೂ ಸಾಲ್ಯಾಗ ಶಾಣ್ಯಾಕಿನ ಇದ್ದೆರೀ, ಮುಂದ ಕಲಸಲಿಲ್ಲ" ಎಂಬ ಮಾತನ್ನು ನೀವು ಕೇಳಿರುತ್ತೀರಿ. ನೀವೇ ಆಡಿರಲೂಬಹುದು. ಹಾಗಿದ್ದರೆ ಟ್ರಂಕಿನ ತಳದಲ್ಲಿರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಒಮ್ಮೆ ಹೊರತೆಗೆಯಿರಿ. ಆ ಅಂಕಗಳನ್ನೇ ನೋಡಿ ಕೊಡುವ ಕೆಲಸವೊಂದಿದೆ. ಅದೇ ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆ. ಇದಕ್ಕೆ ಲಿಖಿತ ಪರೀಕ್ಷೆ ಇಲ್ಲ, ಸಂದರ್ಶನವೂ ಇಲ್ಲ.

ಕೆಲಸವೇನು?

ಇದರಲ್ಲಿ ಮೂರು ಬಗೆ. ಹಳ್ಳಿಯ ಶಾಖಾ ಅಂಚೆ ಕಚೇರಿ ನಡೆಸುವವರು ಶಾಖಾ ಪೋಸ್ಟ್‌ಮಾಸ್ಟರ್. ಅವರ ಕೈಕೆಳಗೆ ಸಹಾಯಕ ಶಾಖಾ ಪೋಸ್ಟ್‌ಮಾಸ್ಟರ್. ಪಟ್ಟಣದ ಉಪ ಅಂಚೆ ಕಚೇರಿ ಮತ್ತು ರೈಲ್ವೆ ಟಪಾಲು ಕಚೇರಿಗಳಲ್ಲಿ ಕೆಲಸ ಮಾಡುವವರು ಡಾಕ್ ಸೇವಕರು. ಚೀಲ ಬಿಚ್ಚುವುದು, ಕಟ್ಟುವುದು, ಠಸ್ಸೆ ಒತ್ತುವುದು, ಟಪಾಲು ವಿಂಗಡಿಸುವುದು, ಬಟವಾಡೆ ಮಾಡುವುದು, ಸ್ಟಾಂಪು ಮಾರುವುದು ಇವರ ಪಾಲಿನ ಕೆಲಸ. ಶಾಖಾ ಪೋಸ್ಟ್‌ಮಾಸ್ಟರ್ ಆದರೆ ಉಳಿತಾಯ ಖಾತೆ, ಅಂಚೆ ಬ್ಯಾಂಕಿನ ಹಣದ ವ್ಯವಹಾರವೂ ಸೇರುತ್ತದೆ.

ವಿಂಗಡಣೆ ಅಂದರೆ ಹಗುರವೆಂದುಕೊಳ್ಳಬೇಡಿ. ರಬಕವಿ ಮತ್ತು ಬನಹಟ್ಟಿಗೆ ನಗರಸಭೆ ಒಂದೇ ಆದರೂ ಪಿನ್ ಕೋಡ್ ಬೇರೆ. ಬನಹಟ್ಟಿಗೆ 587311, ರಬಕವಿಗೆ 587314. ನಡುವಿನ 587313 ಮುಧೋಳದ್ದು! ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆಯನ್ನು, ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಕಚೇರಿಯನ್ನು ತೋರಿಸುತ್ತವೆ. ಒಂದಂಕಿ ತಪ್ಪಿ ಓದಿದರೆ ಯಾರದೋ ನೌಕರಿಯ ಪತ್ರ ಇನ್ನೊಂದೂರಿಗೆ ಹೋಗುತ್ತದೆ. ಅಕ್ಕಿಯೊಳಗಿನ ಹರಳು ಹುಡುಕುವ ನಿಮ್ಮ ಕಣ್ಣಿಗೆ ಇದೇನು ಕಷ್ಟವಲ್ಲ ಬಿಡಿ.

ಅರ್ಹತೆ ಏನು?

ಹತ್ತನೇ ತರಗತಿ ಪಾಸಾಗಿರಬೇಕು. ಗಣಿತ, ಇಂಗ್ಲಿಷ್ ವಿಷಯಗಳಲ್ಲಿ ತೇರ್ಗಡೆಯಾಗಿರಬೇಕು. ಹತ್ತರವರೆಗೆ ಕನ್ನಡ ಓದಿರಬೇಕು. ವಯಸ್ಸು 18ರಿಂದ 40. ಹಿಂದುಳಿದ ವರ್ಗದವರಿಗೆ 3, ಪರಿಶಿಷ್ಟರಿಗೆ 5 ವರ್ಷಗಳ ಸಡಿಲಿಕೆಯಿದೆ. ಕಂಪ್ಯೂಟರ್ ಬಳಕೆ ಗೊತ್ತಿರಬೇಕು, ಸೈಕಲ್ ತುಳಿಯಲು ಬರಬೇಕು. ಸ್ಕೂಟಿ ಬಂದರೂ ಸಾಕು.

ಬಿ.ಎ., ಎಂ.ಎ. ಮಾಡಿದವರಿಗೆ ಹೆಚ್ಚಿನ ಅಂಕವೇನೂ ಇಲ್ಲ. ಆಯ್ಕೆ ಹತ್ತನೇ ತರಗತಿಯ ಅಂಕದ ಮೇಲೆಯೇ. ಸ್ಪರ್ಧೆ ಜೋರಾಗಿರುವುದರಿಂದ ಅಂಕ ಕಡಿಮೆಯಿದ್ದವರು ಇದೊಂದನ್ನೇ ನಂಬಿ ಕೂರಬಾರದು.

ಸಂಬಳ ಎಷ್ಟು?

ದಿನಕ್ಕೆ 4ರಿಂದ 5 ತಾಸಿನ ಕೆಲಸ. ಶಾಖಾ ಪೋಸ್ಟ್‌ಮಾಸ್ಟರ್‌ಗೆ ಆರಂಭದಲ್ಲಿ 12,000 ರೂ., ಉಳಿದಿಬ್ಬರಿಗೆ 10,000 ರೂ. ಮೇಲೆ ತುಟ್ಟಿಭತ್ಯೆ. 2018ರಲ್ಲಿ ಹೆರಿಗೆ ರಜೆಯನ್ನು 180 ದಿನಕ್ಕೆ ಏರಿಸಲಾಯಿತು. 65 ವರ್ಷದವರೆಗೆ ದುಡಿಯಬಹುದು. ಮುಂದೆ ಇಲಾಖಾ ಪರೀಕ್ಷೆ ಬರೆದು ಪೋಸ್ಟ್‌ಮನ್ ಹುದ್ದೆಗೆ ಏರುವ ದಾರಿಯೂ ಇದೆ.

ಮನೆಯಲ್ಲಿ ಮೊದಲು ಮಾತಾಡಿ

ಇದು ಪೂರ್ಣ ಸರ್ಕಾರಿ ನೌಕರಿಯಲ್ಲ. ಜೀವನಕ್ಕೆ ಬೇರೆ ಆದಾಯವೂ ಇರಬೇಕೆಂಬ ನಿಯಮವಿದೆ. ಶಾಖಾ ಪೋಸ್ಟ್‌ಮಾಸ್ಟರ್ ಆದರೆ ಕಚೇರಿಗೆ ಜಾಗ ನೀವೇ ಒದಗಿಸಬೇಕು, ಅದೇ ಊರಿನಲ್ಲಿ ವಾಸವಿರಬೇಕು. ಜಮಖಂಡಿಯಲ್ಲಿ ಸಂಸಾರ, ಬೀಳಗಿ ಹಳ್ಳಿಯಲ್ಲಿ ಕಚೇರಿ ಅಂದರೆ ನಡೆಯದು. ಮಕ್ಕಳ ಶಾಲೆ, ಅತ್ತೆ-ಮಾವನವರ ಆರೈಕೆ ಎಲ್ಲವನ್ನೂ ಲೆಕ್ಕ ಹಾಕಿಯೇ ಊರು ಆರಿಸಿಕೊಳ್ಳಿ. ಆಯ್ಕೆಯಾದ ಮೇಲೆ ಬೇಡವೆನ್ನುವುದಕ್ಕಿಂತ ಈಗಲೇ ಕೂತು ಮಾತಾಡುವುದು ಲೇಸು.

ಈಗಲೇ ಮಾಡಿಡಿ

* ಅರ್ಜಿಯಲ್ಲಿ ಹೆಸರು ಅಂಕಪಟ್ಟಿಯಲ್ಲಿದ್ದಂತೆಯೇ ಇರಬೇಕು. ಲಗ್ನದ ನಂತರ ಆಧಾರ್‌ನಲ್ಲಿ ಹೆಸರು, ಅಡ್ಡಹೆಸರು ಬದಲಾಗಿದ್ದರೆ ಅದರ ದಾಖಲೆ ಮೊದಲೇ ಸರಿಮಾಡಿಸಿಕೊಳ್ಳಿ.

* ಹಿಂದುಳಿದ ವರ್ಗದವರು ಕೇಂದ್ರ ಸರ್ಕಾರದ ನಮೂನೆಯ ಜಾತಿ ಪ್ರಮಾಣಪತ್ರವನ್ನೇ ಮಾಡಿಸಬೇಕು.

* ಅರ್ಜಿ ಆನ್‌ಲೈನ್‌ನಲ್ಲಿ ಮಾತ್ರ, ಅದೂ ಅಧಿಸೂಚನೆ ಬಂದಾಗ. ಮಹಿಳೆಯರಿಗೆ ಶುಲ್ಕವಿಲ್ಲ. ಒಂದೇ ಅಂಚೆ ವಿಭಾಗಕ್ಕೆ ಅರ್ಜಿ ಹಾಕಬಹುದು.

* "ರೊಕ್ಕಾ ಕೊಡ್ರಿ, ನೌಕರಿ ಮಾಡಸ್ತೀನಿ" ಅನ್ನುವವರ ಕೈಗೆ ಒಂದು ಪೈಸೆಯನ್ನೂ ಕೊಡಬೇಡಿ. ಅಂಕದ ಮೇಲೆ ಕಂಪ್ಯೂಟರ್ ಪಟ್ಟಿ ಮಾಡುವಾಗ ಯಾರ ವಶೀಲಿಯೂ ನಡೆಯದು.

ಓದು ಅರ್ಧಕ್ಕೆ ನಿಂತಿತೆಂದು ಮರುಗುತ್ತಾ ಕೂತರೆ ವಯಸ್ಸು 40 ದಾಟುವುದು ಗೊತ್ತೇ ಆಗುವುದಿಲ್ಲ. ಅಂದು ರಾತ್ರಿಯೆಲ್ಲಾ ಓದಿ ಗಳಿಸಿದ ಅಂಕ ನಿಮ್ಮದೇ. ಅದನ್ನು ಬಳಸುವ ಹಕ್ಕೂ ನಿಮ್ಮದೇ, ಏನಂತೀರಿ?